ಎರವಲು ನಿಲುವಂಗಿ ಮತ್ತು ಮಗುವಿನ ಕೈ

ಗುರುದೀಕ್ಷೆಯ ವಾರ್ಷಿಕೋತ್ಸವಗಳಲ್ಲಿ, ದೈವಕರೆಯ ಭಾನುವಾರದಂದು, ಕೆಲವೊಮ್ಮೆ ಧ್ಯಾನಕೂಟಗಳಲ್ಲಿಯೂ ನಾವು ಕೇಳುತ್ತ ಬಂದಿರುವ ಒಂದು ಕಥೆಯಿದೆ. ಆಂಗ್ಲ ನಟನೊಬ್ಬ ಚಲನಚಿತ್ರಕ್ಕಾಗಿ ಧರ್ಮಗುರುವಿನ ವೇಷ ಧರಿಸಿದ, ಫ್ರಾನ್ಸಿನ ಹಳ್ಳಿಯ ಹುಡುಗನೊಬ್ಬ ಅವನನ್ನು ನಿಜವಾದ ಗುರುವೆಂದೇ ಭಾವಿಸಿ ಕೈಹಿಡಿದ, ನಟ ಕಥೋಲಿಕನಾದ. ಇಷ್ಟೇ ಕಥೆ. ಕೇಳಿದ ಸಭಿಕರ ಮುಖ ಅರಳುತ್ತದೆ, ಹೇಳಿದ ಗುರುಗಳ ಮುಖವೂ ಅರಳುತ್ತದೆ. ಸಂತೋಷಪಟ್ಟವರಲ್ಲಿ ನಾವೂ ಇದ್ದೇವೆ. ಆದರೆ ಅದನ್ನು ಹೀಗೆ ಮೂರು ವಾಕ್ಯಗಳಲ್ಲಿ ಮುಗಿಸಿಬಿಡುವುದು ಆ ನಟನಿಗೂ ನ್ಯಾಯವಲ್ಲ, ಆ ಹುಡುಗನಿಗೂ ನ್ಯಾಯವಲ್ಲ ಎಂದು ಈಚೆಗೆ ನಮಗೆ ಅನ್ನಿಸತೊಡಗಿದೆ.

ಆ ನಟ ಸರ್ ಅಲೆಕ್ ಗಿನ್ನೆಸ್. ಹುಟ್ಟಿದ್ದು 1914ರ ಏಪ್ರಿಲ್ 2ರಂದು, ಲಂಡನ್ನಿನಲ್ಲಿ. ಜನನಪತ್ರದಲ್ಲಿ ತಂದೆಯ ಹೆಸರು ಬರೆಯಬೇಕಾದ ಜಾಗ ಖಾಲಿ. ತಂದೆ ಯಾರೆಂಬುದು ಅವರಿಗೆ ಜೀವನದ ಕೊನೆಯವರೆಗೂ ಖಚಿತವಾಗಿ ತಿಳಿಯಲಿಲ್ಲ. ತಾಯಿ ಆಗ್ನೆಸ್ ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ, ಸಾಲಗಾರರ ಕಣ್ಣು ತಪ್ಪಿಸಿ, ಮಗನನ್ನು ಕರೆದುಕೊಂಡು ಅಲೆದವರು. ನಡುವೆ ಕೆಲವು ವರ್ಷ ಮಲತಂದೆಯಾಗಿ ಬಂದ ಸೇನಾಧಿಕಾರಿಯೊಬ್ಬರ ಕ್ರೌರ್ಯವನ್ನೂ ಬಾಲಕ ಅನುಭವಿಸಿದ. ಹದಿನಾಲ್ಕು ತುಂಬುವಷ್ಟರಲ್ಲಿ ಅವನಿಗೆ ಮೂರು ಉಪನಾಮಗಳು ಬದಲಾಗಿದ್ದವು. ಮುಂದೆ ಎಷ್ಟೋ ಹೆಸರುಗಳನ್ನು ರಂಗದ ಮೇಲೆ ಧರಿಸಿ ಕಳಚಲಿದ್ದವನಿಗೆ ಆ ವಿದ್ಯೆಯ ಮೊದಲ ಪಾಠ ಮನೆಯಲ್ಲಿಯೇ ಆಯಿತೆನ್ನಬೇಕು.

ಜಾಹೀರಾತು ಸಂಸ್ಥೆಯೊಂದರಲ್ಲಿ ಬರವಣಿಗೆಯ ಕೆಲಸ, ಅಲ್ಲಿಂದ ನಾಟಕ ಶಾಲೆ, ಶಾಲೆಯ ಜೊತೆಗೆ ಹಸಿವು. ಅಂದಿನ ಮಹಾನಟ ಜಾನ್ ಗೀಲ್ಗುಡ್ ಈ ಬಡಕಲು ತರುಣನನ್ನು ಗುರುತಿಸಿದರು. ಅವರು ಕೊಡಲು ಬಂದ ಹಣವನ್ನು ತರುಣ ಸ್ವಾಭಿಮಾನದಿಂದ ನಿರಾಕರಿಸಿದ. ಕೊಟ್ಟ ಪಾತ್ರವನ್ನು ಮಾತ್ರ ಎರಡು ಕೈಯಿಂದ ಸ್ವೀಕರಿಸಿದ. 1934ರಲ್ಲಿ ಗೀಲ್ಗುಡ್ಡರ ‘ಹ್ಯಾಮ್ಲೆಟ್’ನಲ್ಲಿ ಆಸ್ರಿಕ್ ಎಂಬ ಕಿರುಪಾತ್ರ, ನಾಲ್ಕೇ ವರ್ಷಗಳಲ್ಲಿ, 1938ರಲ್ಲಿ, ಓಲ್ಡ್ ವಿಕ್ ರಂಗಮಂದಿರದಲ್ಲಿ ಸ್ವತಃ ಹ್ಯಾಮ್ಲೆಟ್. ಅದೇ ವರ್ಷ ಸಹನಟಿ ಮೆರುಲಾ ಸಲಮನ್ ಅವರೊಡನೆ ವಿವಾಹ. 1940ರಲ್ಲಿ ಏಕೈಕ ಪುತ್ರ ಮ್ಯಾಥ್ಯೂನ ಜನನ. ಯುದ್ಧಕಾಲದಲ್ಲಿ ನೌಕಾಪಡೆ ಸೇರಿ, 1943ರ ಸಿಸಿಲಿ ದಾಳಿಯಲ್ಲಿ ಸೈನಿಕರನ್ನು ದಡಕ್ಕಿಳಿಸುವ ನಾವೆಯೊಂದನ್ನು ಮುನ್ನಡೆಸಿದರು. ಆ ದಿನಗಳಲ್ಲಿ ಆಂಗ್ಲಿಕನ್ ಸಭೆಯ ಗುರುವಾಗುವ ಆಲೋಚನೆಯೂ ಅವರಿಗೆ ಬಂದಿತ್ತು. ಬಂದು ಹೋಯಿತು. ಯುದ್ಧ ಮುಗಿದೊಡನೆ ಮತ್ತೆ ಬಣ್ಣ ಹಚ್ಚಿದರು.

ಅವರ ಚಿತ್ರಗಳನ್ನೆಲ್ಲ ಇಲ್ಲಿ ಪಟ್ಟಿ ಮಾಡುವ ಉದ್ದೇಶ ನಮಗಿಲ್ಲ. ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ (1949) ಎಂಬ ಹಾಸ್ಯಚಿತ್ರದಲ್ಲಿ ಒಂದೇ ಮನೆತನದ ಎಂಟು ಮಂದಿಯ ಪಾತ್ರಗಳನ್ನು, ಒಬ್ಬ ಪಾದ್ರಿ ಮತ್ತು ಒಬ್ಬ ಮಹಿಳೆಯೂ ಸೇರಿದಂತೆ, ಅವರೊಬ್ಬರೇ ಅಭಿನಯಿಸಿದರೆಂಬುದನ್ನು ಹೇಳಿದರೆ ಸಾಕು. ಎದುರಿನಲ್ಲಿ ಬಂದರೆ ಯಾರೂ ಗುರುತು ಹಿಡಿಯದ ಮುಖ. ಆದರೆ ಯಾವ ಮುಖವನ್ನಾದರೂ ಧರಿಸಬಲ್ಲ ಮುಖ. ಈ ವಿದ್ಯೆ ಅವರನ್ನು ತಪ್ಪುದಾರಿಗೂ ಎಳೆದದ್ದುಂಟು. 1948ರ ‘ಆಲಿವರ್ ಟ್ವಿಸ್ಟ್’ ಚಿತ್ರದಲ್ಲಿ ಫೇಗಿನ್ ಪಾತ್ರಕ್ಕೆ ಅವರು ಅಂಟಿಸಿಕೊಂಡ ದೊಡ್ಡ ಮೂಗು ಯೆಹೂದ್ಯರಿಗೆ ನೋವುಂಟುಮಾಡಿತು. ನರಮೇಧ ನಡೆದು ಮೂರು ವರ್ಷವಷ್ಟೇ ಆಗಿದ್ದ ಆ ಕಾಲದಲ್ಲಿ ಬರ್ಲಿನ್ನಿನಲ್ಲಿ ಪ್ರತಿಭಟನೆಗಳಾದವು; ಅಮೆರಿಕದಲ್ಲಿ ಚಿತ್ರ ತೆರೆಕಂಡದ್ದು 1951ರಲ್ಲಿ, ಅದೂ ಕತ್ತರಿ ಪ್ರಯೋಗದ ಬಳಿಕ. ಪತ್ನಿ ಮೆರುಲಾ ಯೆಹೂದ್ಯ ಮೂಲದ ಮನೆತನದವರೆಂಬುದನ್ನು ನೆನೆದರೆ ಇದು ಇನ್ನೂ ವಿಚಿತ್ರ. ಕಾಲಾನಂತರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿ ಪ್ರೊಫೆಸರ್ ಗೋಡ್ಬೋಲೆ ಎಂಬ ಬ್ರಾಹ್ಮಣನಾಗಿಯೂ ಅವರು ಕಾಣಿಸಿಕೊಂಡರು. ನಮ್ಮ ಬೆಂಗಳೂರು, ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟಗಳಲ್ಲಿ ಚಿತ್ರೀಕರಣವಾದ ಚಿತ್ರವೆಂಬ ಅಭಿಮಾನ ನಮಗೂ ಇದೆ. ಆದರೂ ಬಣ್ಣ ಬಳಿದ ಆ ಆಂಗ್ಲನ ಮುಖವನ್ನು ಕಂಡಾಗ ಮುಜುಗರವಾಗುವುದನ್ನು ಮರೆಮಾಚಲಾರೆವು. ವೇಷವೆಂಬುದು ನಿರಪಾಯಕಾರಿ ವಸ್ತುವಲ್ಲ. ಅದನ್ನು ಧರಿಸಿದವರು ಅದರ ಲೆಕ್ಕ ಕೊಡಬೇಕಾಗುತ್ತದೆ.

ಇನ್ನು ಆ ಹುಡುಗನ ಪ್ರಸಂಗಕ್ಕೆ ಬರೋಣ. 1954ರಲ್ಲಿ ತೆರೆಕಂಡ ‘ಫಾದರ್ ಬ್ರೌನ್’ ಚಿತ್ರದ ಕೆಲವು ಭಾಗಗಳ ಚಿತ್ರೀಕರಣ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದಲ್ಲಿ ನಡೆಯಿತು. ಫಾದರ್ ಬ್ರೌನ್ ಎಂದರೆ ಜಿ.ಕೆ. ಚೆಸ್ಟರ್ಟನ್ನರ ಪತ್ತೇದಾರಿ ಕಥೆಗಳ ನಾಯಕ, ಅಪರಾಧಿಯನ್ನು ಹಿಡಿಯುವುದಕ್ಕಿಂತ ಅವನ ಆತ್ಮವನ್ನು ಉಳಿಸಲು ಹಂಬಲಿಸುವ ಕುಳ್ಳ ಗುರು. ಒಂದು ಸಂಜೆ, ಇನ್ನೂ ಕೆಲವು ಗಂಟೆ ತಮ್ಮ ಅಗತ್ಯವಿಲ್ಲವೆಂದು ತಿಳಿದು, ಗಿನ್ನೆಸ್ ಕಪ್ಪು ನಿಲುವಂಗಿಯಲ್ಲಿಯೇ ತಮ್ಮ ವಸತಿಯ ಕಡೆಗೆ ನಡೆದು ಹೊರಟರು. ಕತ್ತಲಾಗುತ್ತಿತ್ತು. ಹಿಂದಿನಿಂದ ಪುಟ್ಟ ಹೆಜ್ಜೆಗಳ ಸದ್ದು. ಏಳೆಂಟು ವರ್ಷದ ಹುಡುಗನೊಬ್ಬ ಓಡಿಬಂದು ‘ಮೋಂ ಪೇರ್’ ಎಂದು ಕರೆದು ಕೈಹಿಡಿದ. ‘ನನ್ನ ತಂದೆಯೇ’ ಎಂದು ಅದರ ಅರ್ಥ; ಅಲ್ಲಿ ಗುರುಗಳನ್ನು ಕರೆಯುವ ರೀತಿಯೇ ಅದು. ಹಿಡಿದ ಕೈಯನ್ನು ಬೀಸುತ್ತ, ಕುಣಿಯುತ್ತ, ಹುಡುಗ ದಾರಿಯುದ್ದಕ್ಕೂ ಹರಟಿದ. ತಮ್ಮ ಹರುಕು ಫ್ರೆಂಚ್ ಕೇಳಿ ಮಗು ಬೆದರೀತೆಂದು ನಟ ಬಾಯಿ ತೆರೆಯಲಿಲ್ಲ. ಕೊಂಚ ದೂರದ ಮೇಲೆ ಹುಡುಗ ಶುಭಸಂಜೆ ಕೋರಿ, ಅರೆಬರೆ ನಮಸ್ಕರಿಸಿ, ಬೇಲಿಯ ಕಿಂಡಿಯೊಳಗೆ ನುಸುಳಿ ಮರೆಯಾದ.

ಪರಿಚಯವಿಲ್ಲದ ಗುರುವಿನ ಮೇಲೂ ಮಗುವಿನಲ್ಲಿ ಇಷ್ಟೊಂದು ಭರವಸೆ ಮೂಡಿಸಬಲ್ಲ ಸಭೆ, ಜನ ಹೇಳುವಷ್ಟು ಕುತಂತ್ರಿಯೂ ಭಯಂಕರವೂ ಆಗಿರಲಾರದೆಂದು ತಮಗೆ ಅಂದು ತೋರಿತೆಂದು ಗಿನ್ನೆಸ್ 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಚಿಕ್ಕಂದಿನಿಂದ ಕಥೋಲಿಕರ ಬಗೆಗೆ ಕೇಳಿ ಬೆಳೆದ ಪೂರ್ವಗ್ರಹಗಳು ಆ ಸಂಜೆಯಿಂದ ಸಡಿಲಗೊಂಡವು. ತಂದೆಯ ಹೆಸರೇ ಇಲ್ಲದ ಜನನಪತ್ರ ಹೊತ್ತ ಮನುಷ್ಯನ ಕಿವಿಗೆ ಮಗುವೊಂದರ ಆ ಸಂಬೋಧನೆ ಹೇಗೆ ಕೇಳಿಸಿತೋ, ಅದನ್ನು ಅವರು ವಿಸ್ತರಿಸಿ ಹೇಳಿಲ್ಲ. ನಾವೂ ಊಹಿಸಿ ಬೆಳೆಸುವುದು ಬೇಡ.

ನಾವು ಕೇಳಬೇಕಾದ ಪ್ರಶ್ನೆ ಬೇರೆ. ಆ ಹುಡುಗ ಕೈಹಿಡಿದದ್ದು ಯಾರನ್ನು? ಗಿನ್ನೆಸ್ಸರನ್ನಂತೂ ಅಲ್ಲ. ಅವನು ಹಿಡಿದದ್ದು ನಿಲುವಂಗಿಯನ್ನು. ಆ ನಿಲುವಂಗಿಗೆ ಅಂಥ ಬೆಲೆ ಬಂದದ್ದು ಅವನ ಊರಿನಲ್ಲಿ ರೋಗಿಗಳ ಮನೆಗೆ ಪರಮಪ್ರಸಾದ ಒಯ್ದ, ಮಕ್ಕಳಿಗೆ ಧರ್ಮೋಪದೇಶ ಕಲಿಸಿದ, ಬಡವನ ಶವದ ಹಿಂದೆ ಮಳೆಯಲ್ಲಿ ನಡೆದ, ಹೆಸರು ಉಳಿಯದ ಗುರುಗಳಿಂದ. ನಮ್ಮಲ್ಲಿಯೂ ಅಷ್ಟೇ. ಕರಾವಳಿಯ ಮನೆಗಳಲ್ಲಿ ‘ಪಾದ್ರ್ಯಾಬ್’ ಎಂದೋ, ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ‘ಸ್ವಾಮಿ’ ಎಂದೋ ಕೂಗಿ ಓಡಿಹೋಗಿ ಆಶೀರ್ವಾದ ಬೇಡಿದ ಬಾಲ್ಯ ನಮ್ಮಲ್ಲಿ ಎಷ್ಟು ಜನರದಲ್ಲ! ಬಿಳಿ ನಿಲುವಂಗಿ ಕಂಡೊಡನೆ ಮಕ್ಕಳನ್ನು ಮುಂದಕ್ಕೆ ತಳ್ಳುವ ತಾಯಂದಿರು ಅದನ್ನು ತೊಟ್ಟವರಾರೆಂದು ವಿಚಾರಿಸಿದವರಲ್ಲ. ಆ ಭರವಸೆ ಪಿತ್ರಾರ್ಜಿತ ಆಸ್ತಿಯಂತೆ ಗುರುಗಳಿಗೆ ಬಂದದ್ದು. ಗಿನ್ನೆಸ್ ಅದನ್ನು ಒಂದು ಸಂಜೆಯ ಮಟ್ಟಿಗೆ ಎರವಲು ಪಡೆದರು. ಮತ್ತು, ಇದು ಮುಖ್ಯ, ಹಾಳುಮಾಡದೆ ಹಿಂದಿರುಗಿಸಿದರು.

ಎಲ್ಲರೂ ಹಾಗೆ ಹಿಂದಿರುಗಿಸಲಿಲ್ಲ. ಫ್ರಾನ್ಸಿನ ಧರ್ಮಾಧ್ಯಕ್ಷರೂ ಸನ್ಯಾಸಸಭೆಗಳೂ ತಾವೇ ಕೇಳಿಕೊಂಡು ನೇಮಿಸಿದ, ನಿವೃತ್ತ ಹಿರಿಯ ಅಧಿಕಾರಿ ಜಾನ್ ಮಾರ್ಕ್ ಸೋವೆ ಅವರ ಅಧ್ಯಕ್ಷತೆಯ ಸ್ವತಂತ್ರ ಆಯೋಗ 2021ರ ಅಕ್ಟೋಬರಿನಲ್ಲಿ ತನ್ನ ವರದಿಯನ್ನು ಸಲ್ಲಿಸಿತು. 1950ರಿಂದ 2020ರವರೆಗೆ ಆ ದೇಶದಲ್ಲಿ ಗುರುಗಳು ಮತ್ತು ಸನ್ಯಾಸಿಗಳಿಂದ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ಸಂಖ್ಯೆ ಸುಮಾರು 2,16,000 ಎಂಬುದು ಆಯೋಗದ ಅಂದಾಜು. ಬಹುಪಾಲು ಗಂಡುಮಕ್ಕಳು. ಅತಿ ಹೆಚ್ಚು ಪ್ರಕರಣಗಳು ನಡೆದದ್ದು 1950 ಮತ್ತು 1970ರ ನಡುವೆ. ಓದುಗರು ಈ ಇಸವಿಗಳನ್ನು ಇನ್ನೊಮ್ಮೆ ನೋಡಬೇಕು. ಗಿನ್ನೆಸ್ಸರ ಕೈಹಿಡಿದು ಕುಣಿದ ಹುಡುಗನ ಕಾಲವೇ ಅದು, ಅವನ ದೇಶವೇ ಅದು. ಅದೇ ಭರವಸೆಯಿಂದ ಅಂಥದೇ ನಿಲುವಂಗಿಯ ಕೈಹಿಡಿದ ಬೇರೆ ಮಕ್ಕಳೂ ಆ ದಿನಗಳಲ್ಲಿ ಇದ್ದರು.

ಇಂಥ ವಿಷಯವನ್ನು ಈ ಅಂಕಣದಲ್ಲಿ ಎತ್ತಬೇಕಿತ್ತೇ ಎಂದು ಕೆಲವರು ಕೇಳಿಯಾರು. ಅನ್ಯರ ಮುಂದೆ ನಮ್ಮ ಸಭೆಯ ಮಾನವೇಕೆ ಕಳೆಯಬೇಕೆಂಬ ಮಾತು ನಮಗೆ ಹೊಸದಲ್ಲ. ಉತ್ತರಕ್ಕೆ ಗಿನ್ನೆಸ್ಸರ ಇನ್ನೊಂದು ಪಾತ್ರದ ಕಡೆಗೇ ಕೈತೋರಿಸುತ್ತೇವೆ. 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ ಚಿತ್ರದಲ್ಲಿ ಅವರು ಜಪಾನೀಯರ ಸೆರೆಯಲ್ಲಿರುವ ಕರ್ನಲ್ ನಿಕಲ್ಸನ್. ಪ್ರಾಮಾಣಿಕ, ಶಿಸ್ತಿನ, ಎದೆಗುಂದದ ಮನುಷ್ಯ. ಕೈದಿಗಳ ಮನೋಬಲ ಉಳಿಸಲೆಂದು ಶತ್ರುವಿಗಾಗಿ ಸೇತುವೆ ಕಟ್ಟಲು ಒಪ್ಪುತ್ತಾನೆ. ಸೇತುವೆ ಚೆನ್ನಾಗಿ ಏಳುತ್ತದೆ. ಕೊನೆಗೆ ಅದನ್ನು ಒಡೆಯಲು ಬಂದವರು ತನ್ನವರೇ ಎಂಬುದನ್ನೂ ಮರೆತು ಸೇತುವೆಯ ರಕ್ಷಣೆಗೆ ನಿಲ್ಲುತ್ತಾನೆ. ಕಟ್ಟಿದ್ದರ ಮೇಲಿನ ಮೋಹದಲ್ಲಿ, ಯಾರಿಗಾಗಿ ಕಟ್ಟಿದೆವೆಂಬುದು ಮರೆತುಹೋಗುತ್ತದೆ. ಆ ಪಾತ್ರಕ್ಕಾಗಿ ಅವರಿಗೆ ಶ್ರೇಷ್ಠ ನಟನೆಂಬ ಆಸ್ಕರ್ ಪ್ರಶಸ್ತಿ ಬಂತು. 1959ರಲ್ಲಿ ‘ಸರ್’ ಪದವಿಯೂ ಬಂತು. ಮಕ್ಕಳ ದೂರನ್ನು ಕಪಾಟಿನಲ್ಲಿಟ್ಟು, ಆರೋಪಿತ ಗುರುವನ್ನು ಸದ್ದಿಲ್ಲದೆ ಬೇರೆ ಧರ್ಮಕೇಂದ್ರಕ್ಕೆ ವರ್ಗಾಯಿಸಿದ ಹಿರಿಯರು ಹಲವು ದೇಶಗಳಲ್ಲಿ ಇದ್ದರೆಂಬುದು ಈಗ ದಾಖಲೆಯ ಮಾತು. ಅವರಲ್ಲಿ ಎಲ್ಲರೂ ದುಷ್ಟರಾಗಿದ್ದರೆಂದು ನಾವು ನಂಬುವುದಿಲ್ಲ. ಅನೇಕರು ನಿಕಲ್ಸನ್ನರು.

ಗಿನ್ನೆಸ್ ಧರ್ಮಸಭೆಗೆ ಬಂದದ್ದು ಬರ್ಗಂಡಿಯ ಆ ಒಂದು ಸಂಜೆಯಿಂದ ಎಂಬುದೂ ಅರ್ಧ ಮಾತೇ. ಆ ವರ್ಷಗಳಲ್ಲಿಯೇ ಅವರ ಹನ್ನೊಂದರ ಹರೆಯದ ಮಗನಿಗೆ ಪೋಲಿಯೋ ತಗುಲಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ತಂದೆ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಹ್ಯಾಮರ್‌ಸ್ಮಿತ್‌ನ ಚಿಕ್ಕ ಕಥೋಲಿಕ ದೇವಾಲಯವೊಂದನ್ನು ಹೊಕ್ಕು ಕುಳಿತುಕೊಳ್ಳತೊಡಗಿದರು. ಅಲ್ಲಿ ದೇವರೊಡನೆ ಒಂದು ಒಪ್ಪಂದ ಮಾಡಿಕೊಂಡರು: ಮಗ ಗುಣಮುಖನಾದರೆ, ಮುಂದೆಂದಾದರೂ ಅವನು ಕಥೋಲಿಕನಾಗಬಯಸಿದಲ್ಲಿ ತಾನು ಅಡ್ಡಿಯಾಗುವುದಿಲ್ಲ.

ಹರಕೆಯೆಂದರೇನೆಂದು ನಮ್ಮ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ವೇಳಾಂಗಣಿಗೆ, ಕಾರ್ಕಳದ ಅತ್ತೂರಿಗೆ ಮೇಣದ ಕೈಕಾಲುಗಳನ್ನು ಒಯ್ದು ಒಪ್ಪಿಸಿದ ಮನೆಗಳು ನಮ್ಮವು. ಆದರೆ ಈ ಹರಕೆಯ ಸ್ವರೂಪವನ್ನು ಗಮನಿಸಬೇಕು. ಮಗನನ್ನು ನಿನಗೆ ಒಪ್ಪಿಸುತ್ತೇನೆ ಎಂದು ಅವರು ಹೇಳಲಿಲ್ಲ. ಮಗನ ದಾರಿಗೆ ನಾನು ಅಡ್ಡ ನಿಲ್ಲುವುದಿಲ್ಲ ಎಂದರು. ಗುಣವಾದರೆ ಮಗನನ್ನು ಗುರುಮಠಕ್ಕೆ, ಮಗಳನ್ನು ಕನ್ಯಾಮಠಕ್ಕೆ ಸೇರಿಸುತ್ತೇವೆಂದು, ಮಕ್ಕಳನ್ನು ಒಂದು ಮಾತೂ ಕೇಳದೆ ಹರಕೆ ಹೊತ್ತ ತಂದೆತಾಯಂದಿರು ನಮ್ಮಲ್ಲಿ ಇದ್ದಾರೆ. ಅವರ ಭಕ್ತಿಯನ್ನು ನಾವು ಹಳಿಯುವುದಿಲ್ಲ. ಇಂಗ್ಲೆಂಡಿನ ಆ ಅರೆನಾಸ್ತಿಕನ ಹರಕೆ ಮಾತ್ರ ನಮಗೆ ಹೆಚ್ಚು ಕ್ರೈಸ್ತವಾಗಿ ತೋರುತ್ತದೆ.

ಮ್ಯಾಥ್ಯೂ ಗುಣಮುಖನಾದ, ಕೆಲವು ತಿಂಗಳಲ್ಲಿ ಕಾಲ್ಚೆಂಡು ಆಡಿದ. ಯೇಸುಸಭೆಯವರ ಶಾಲೆಗೆ ಸೇರಿದ ಅವನು ಹದಿನೈದರ ವಯಸ್ಸಿನಲ್ಲಿ ಕಥೋಲಿಕನಾಗುವ ಇಚ್ಛೆಯನ್ನು ತಾನಾಗಿಯೇ ತಿಳಿಸಿದ. ತಂದೆ ಮಾತಿಗೆ ತಪ್ಪಲಿಲ್ಲ. ಅವರೇ ಆಗ ಲೀಸೆಸ್ಟರ್‌ಶೈರಿನ ಮೌಂಟ್ ಸೇಂಟ್ ಬರ್ನಾರ್ಡ್ ಮಠದ ಮೌನವ್ರತಿ ಟ್ರಾಪಿಸ್ಟ್ ಸನ್ಯಾಸಿಗಳ ನಡುವೆ ಕೆಲವು ದಿನ ಕಳೆದು ಬಂದಿದ್ದರು. 1956ರ ಮಾರ್ಚ್ 24ರಂದು ಪೀಟರ್ಸ್‌ಫೀಲ್ಡ್ ಊರಿನ ಸಂತ ಲಾರೆನ್ಸರ ದೇವಾಲಯದಲ್ಲಿ, ಹೌದು, ನಮ್ಮ ಅತ್ತೂರಿನ ಪಾಲಕರಾದ ಅದೇ ಸಂತ ಲಾರೆನ್ಸರ ಹೆಸರಿನ ದೇವಾಲಯದಲ್ಲಿ, ಅಲೆಕ್ ಗಿನ್ನೆಸ್ ಧರ್ಮಸಭೆಯೊಳಗೆ ಸ್ವೀಕೃತರಾದರು. ಮೆರುಲಾ ಅವರನ್ನು ಯಾರೂ ಒತ್ತಾಯಿಸಲಿಲ್ಲ. ಮರುವರ್ಷ ಪತಿ ‘ಕ್ವಾಯ್’ ಚಿತ್ರಕ್ಕಾಗಿ ಸಿಂಹಳದಲ್ಲಿದ್ದಾಗ, ಅವರಿಗೆ ಮುಂಚಿತವಾಗಿ ತಿಳಿಸದೆ, ತಾವೇ ಹೋಗಿ ಸೇರಿದರು. ಹೀಗೆ ಒಂದು ಮನೆಯ ಮೂವರು ಮೂರು ಬಾಗಿಲುಗಳಿಂದ ಒಳಬಂದರು.

ಮುಂದೆಯೂ ಗುರುವೇಷ ಅವರನ್ನು ಬಿಡಲಿಲ್ಲ. ಮತಾಂತರಕ್ಕೆ ಮುಂಚೆಯೇ, 1955ರ ‘ದಿ ಪ್ರಿಸನರ್’ ಚಿತ್ರದಲ್ಲಿ ಹಂಗೆರಿಯ ಕಾರ್ಡಿನಲ್ ಮಿಂಡ್ಸೆಂಟಿಯವರನ್ನು ನೆನಪಿಸುವ ಸೆರೆಯಾಳು ಕಾರ್ಡಿನಲ್ಲರ ಪಾತ್ರ ಮಾಡಿದ್ದರು. ಸಂತ ಫ್ರಾನ್ಸಿಸರನ್ನು ಕುರಿತ 1972ರ ಇಟಲಿಯ ಚಿತ್ರದಲ್ಲಿ ಜಗದ್ಗುರು ಮೂರನೆಯ ಇನ್ನೊಸೆಂಟರಾಗಿ ಆ ಬಡ ಸನ್ಯಾಸಿಯ ಪಾದಕ್ಕೆ ಬಾಗಿದರು. 1985ರಲ್ಲಿ ಗ್ರಹಾಂ ಗ್ರೀನರ ‘ಮೊನ್ಸಿಞೊರ್ ಕಿಹೋಟೆ’ಯಾದರು. ಯುವಕರು ಅವರನ್ನು ಬಲ್ಲದ್ದು 1977ರ ‘ಸ್ಟಾರ್ ವಾರ್ಸ್’ ಚಿತ್ರದ ಒಬಿ-ವಾನ್ ಎಂಬ ವೃದ್ಧನಾಗಿ. ಅಲ್ಲಿಯೂ ಸನ್ಯಾಸಿಯದರಂಥ ಉಡುಪು. ಆ ಚಿತ್ರದ ಲಾಭದಲ್ಲಿ ಪಾಲು ಪಡೆದು ಅವರು ಶ್ರೀಮಂತರಾದರು; ಚಿತ್ರದ ಬಗೆಗೆ ಮಾತ್ರ ಅವರಿಗೆ ಎಂದೂ ಗೌರವ ಮೂಡಲಿಲ್ಲ. ಅಮೆರಿಕದಲ್ಲಿ ಹುಡುಗನೊಬ್ಬ ಅದನ್ನು ನೂರಕ್ಕೂ ಹೆಚ್ಚು ಬಾರಿ ನೋಡಿದ್ದೇನೆಂದು ಹೆಮ್ಮೆಯಿಂದ ಹೇಳಿ ಹಸ್ತಾಕ್ಷರ ಕೇಳಿದಾಗ, ಇನ್ನೆಂದೂ ನೋಡುವುದಿಲ್ಲವೆಂದು ಮಾತು ಕೊಡು ಎಂದರಂತೆ. ಹುಡುಗ ಅತ್ತ, ತಾಯಿ ಸಿಡುಕಿದಳು. ಕಠಿಣ ವರ್ತನೆಯೆಂದು ಕೆಲವರು ಆಕ್ಷೇಪಿಸಿದ್ದಾರೆ. ನಮಗೆ ಇದು ಬರ್ಗಂಡಿಯ ಪ್ರಸಂಗದ ಇನ್ನೊಂದು ಮಗ್ಗುಲಾಗಿ ಕಾಣುತ್ತದೆ. ಮಗುವೊಂದು ತನ್ನ ಭರವಸೆಯನ್ನೆಲ್ಲ ವೇಷದ ಮೇಲೆ ಸುರಿಯುವಾಗ, ವೇಷಧಾರಿಯಾದವನು ಅದರಿಂದ ಲಾಭ ಪಡೆಯಬಹುದು, ಅಥವಾ ಇದು ವೇಷವಪ್ಪಾ ಎಂದು ಹೇಳಬಹುದು. ಅವರು ಹೇಳಿದರು.

ಅವರನ್ನು ಸಂತನನ್ನಾಗಿಸುವ ಆತುರ ನಮಗಿಲ್ಲ. ಕೋಪಿಷ್ಠ, ಚುಚ್ಚುಮಾತಿನವರು, ಬಾಳಸಂಗಾತಿ ಮೆರುಲಾರನ್ನು ಇತರರೆದುರಿಗೆ ನೋಯಿಸಿದ್ದೂ ಉಂಟೆಂದು 2003ರಲ್ಲಿ ಬಂದ ಅವರ ಜೀವನಚರಿತ್ರೆ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಅದನ್ನು ಬರೆದ ಪಿಯರ್ಸ್ ಪಾಲ್ ರೀಡ್ ಸ್ವತಃ ಕಥೋಲಿಕರು, ಬರೆದದ್ದು ಕುಟುಂಬದ ಒಪ್ಪಿಗೆಯಿಂದ. ನಮ್ಮಲ್ಲಿ ಹಿರಿಯರ ಚರಿತ್ರೆ ಬರೆಯುವವರು ಇದನ್ನು ಗಮನಿಸಬೇಕು. 2000ದ ಆಗಸ್ಟ್ 5ರಂದು ಗಿನ್ನೆಸ್ ತೀರಿಕೊಂಡರು. ಅರುವತ್ತೆರಡು ವರ್ಷ ಜೊತೆಗಿದ್ದ ಮೆರುಲಾ ಅದೇ ಅಕ್ಟೋಬರಿನಲ್ಲಿ ಹಿಂಬಾಲಿಸಿದರು.

ಈ ಕಥೆಯನ್ನು ಪ್ರಬೋಧನಾಪೀಠದಿಂದ ಹೇಳುವ ಪೂಜ್ಯ ಗುರುಗಳಲ್ಲಿ ನಮ್ಮದೊಂದು ವಿನಂತಿ. ನಿಲುವಂಗಿಯ ಮಹಿಮೆಗೆ ಸಾಕ್ಷಿಯಾಗಿ ಅದನ್ನು ಹೇಳಬೇಡಿ. ನಿಲುವಂಗಿಯ ಮೇಲಿರುವ ಸಾಲದ ಲೆಕ್ಕವಾಗಿ ಹೇಳಿ. ಮಕ್ಕಳ ವಿಷಯದಲ್ಲಿ ತಪ್ಪೆಸಗಿದವರ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟುವ ಮಾತು ಶುಭಸಂದೇಶದಲ್ಲಿಯೇ ಇದೆ. ಅದನ್ನು ಓದುವ ಭಾನುವಾರ ಅದರ ಮೇಲೆಯೇ ಮಾತನಾಡಿ. ತಂದೆತಾಯಂದಿರಲ್ಲಿಯೂ ಒಂದು ಮಾತು. ಮಗು ಯಾರ ಬಗೆಗಾದರೂ ಏನನ್ನಾದರೂ ಹೇಳಲು ಬಂದರೆ, ‘ಅವರ ಬಗ್ಗೆ ಹಾಗೆಲ್ಲ ಹೇಳಬಾರದು’ ಎಂದು ಬಾಯಿ ಮುಚ್ಚಿಸಬೇಡಿ, ಕುಳಿತು ಕೇಳಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಇಂಥ ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಸ್ವತಃ ಅಪರಾಧ. ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಹೊರಡಿಸಿದ ಆಜ್ಞೆಯಂತೆ, ಗುರುಗಳೂ ಸನ್ಯಾಸಿ ಸನ್ಯಾಸಿನಿಯರೂ ತಮ್ಮ ಗಮನಕ್ಕೆ ಬಂದುದನ್ನು ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡಲೇಬೇಕು. ಇವೆರಡೂ ನಮ್ಮ ಧರ್ಮಕೇಂದ್ರದ ಸೂಚನಾಫಲಕದ ಮೇಲೆ ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲಿಯೇ ಇರಬೇಕಾದ ವಿಷಯಗಳು. ನಾವು ನೋಡಿದ ಫಲಕಗಳಲ್ಲಿ ಇನ್ನೂ ಕಂಡಿಲ್ಲ.

ಬೇಲಿಯ ಕಿಂಡಿಯಲ್ಲಿ ಮರೆಯಾದ ಆ ಹುಡುಗ ಇಂದು ಬದುಕಿದ್ದರೆ ಎಂಬತ್ತರ ಆಸುಪಾಸಿನ ಅಜ್ಜ. ತಾನು ಹಿಡಿದದ್ದು ನಟನೊಬ್ಬನ ಕೈಯೆಂದು ಅವನಿಗೆ ತಿಳಿದಿರಲಾರದು. ಮರುದಿನ ತನ್ನೂರಿನ ಗುರುಗಳನ್ನು ಕಂಡಾಗಲೂ ಅವನು ಹಾಗೆಯೇ ಓಡಿಹೋಗಿ ಕೈಹಿಡಿದಿರಬೇಕು.